ಮಧ್ಯಾಹ್ನದ ಊಟಕ್ಕೆ ಎಲ್ಲಿ ಕೂರೋದು?

ಯೌವನಸ್ಥರ ಕೂಟದ ಪಾಠ. ವಾಕ್ಯಭಾಗ: 1 ಥೆಸಲೊನೀಕ 2:17ರಿಂದ 3:10, ದಾನಿಯೇಲ 1

ಕೂತ್ಕೊಳ್ಳಿ. ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಜಾಗ ಇದೆ.

ಸತ್ಯವೇದ ತೆರೆದುಕೊಳ್ಳಿ. ಥೆಸಲೊನೀಕದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆ, ಎರಡನೆಯ ಅಧ್ಯಾಯದ 17ನೇ ವಚನದಿಂದ ಮೂರನೆಯ ಅಧ್ಯಾಯದ 10ನೇ ವಚನದವರೆಗೆ. ನಿಮ್ಮಷ್ಟಕ್ಕೆ ಒಮ್ಮೆ ಓದಿಕೊಳ್ಳಿ, ಎರಡು ನಿಮಿಷ ಕೊಡ್ತೀನಿ.

ಸಾಮಾನ್ಯವಾಗಿ ಈ ಭಾಗವನ್ನು ಸೇವಕರ ವಿಷಯ, ಸೇವೆಯ ವಿಷಯ ಹೇಳುವಾಗ ಓದ್ತೀವಿ. ಇವತ್ತು ಕಾಲೇಜಿನ ವಿಷಯಕ್ಕೆ ಓದೋಣ. ಈ ಸಭೆಯಲ್ಲಿ ಹೊಸದಾಗಿ ಕ್ಯಾಂಪಸ್ ಸೇರಿದವರು ತುಂಬ ಜನ ಇದ್ದಾರೆ ಅಂತ ಪಾಸ್ಟರ್ ಹೇಳಿದರು. ನಮ್ಮ ಶಿಕಾರಿಪುರ, ಸೊರಬ ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲಿ ಇರೋರೂ ಕೆಲವರು ಸಿಕ್ಕಿದರು. ಒಬ್ಬ ತಮ್ಮ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಿಂದಲೇ ಬಿ.ಎ. ಮುಗಿಸಿ ಈಗ ಎಂ.ಎ.ಗೆ ಬಂದಿದ್ದಾನೆ. ಒಬ್ಬ ತಂಗಿ ಒಂದು ವರ್ಷ ಪೂರ್ತಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕೋಚಿಂಗ್ ತಗೊಂಡು ಬಂದಿದ್ದಾಳೆ. ಇಬ್ಬರೂ ಹೇಳಿದ ಮಾತು ಹೆಚ್ಚು ಕಮ್ಮಿ ಒಂದೇ: "ಪಾಠ ಅರ್ಥ ಆಗುತ್ತೆ ಅಣ್ಣ, ಆ ಜಾಗವೇ ಅರ್ಥ ಆಗ್ತಿಲ್ಲ."

ನಾನು ಪಾಸ್ಟರ್ ಅಲ್ಲ, ಇತಿಹಾಸದ ಮೇಷ್ಟ್ರು. ಮನೆ ಸೊರಬದಲ್ಲಿ, ಪಾಠ ಹೇಳೋದು ಶಿಕಾರಿಪುರದ ಕಡೆ. ದಿನಾ ಶಿರಾಳಕೊಪ್ಪ ದಾಟಿಕೊಂಡು ಬಸ್ಸಿನಲ್ಲಿ ಹೋಗಿ ಬರ್ತೀನಿ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಆ ರಸ್ತೆಯವೇ. ಸಹಿಸಿಕೊಳ್ಳಿ.

ಮೊದಲು ವಾಕ್ಯ ನೋಡೋಣ. ಪೌಲನು ಥೆಸಲೊನೀಕದಲ್ಲಿ ಇದ್ದದ್ದು ಸ್ವಲ್ಪ ದಿನ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಮೂರು ಸಬ್ಬತ್ ದಿನಗಳ ಲೆಕ್ಕ ಸಿಗುತ್ತೆ. ಆಮೇಲೆ ಊರಲ್ಲಿ ಗಲಭೆ ಎದ್ದಿತು; ಸಹೋದರರು ರಾತ್ರೋರಾತ್ರಿ ಅವನನ್ನೂ ಸೀಲನನ್ನೂ ಬೆರೋಯಕ್ಕೆ ಕಳಿಸಿಬಿಟ್ಟರು. ಅಲ್ಲಿಂದ ಪೌಲನು ಅಥೇನೆಗೆ ಹೋದ. ಹೊಸ ವಿಶ್ವಾಸಿಗಳು ಅಲ್ಲೇ ಉಳಿದರು, ಕಲಿಸುವವನು ದೂರ ಆದ. ನಿಮ್ಮ ಭಾಷೆಯಲ್ಲಿ ಹೇಳೋದಾದರೆ ಕ್ಲಾಸು ಅರ್ಧಕ್ಕೆ ನಿಂತು 'ಆನ್‌ಲೈನ್' ಆಯಿತು.

ಪೌಲನು ದೂರದಿಂದ ಕಲಿಸೋದನ್ನು ಕೀಳು ಅಂತ ನೋಡಲಿಲ್ಲ. ತಿಮೊಥೆಯನನ್ನು ಕಳಿಸಿದ, ಅವನು ತಂದ ಸುದ್ದಿ ಕೇಳಿ ಈ ಪತ್ರ ಬರೆದ. ಯೋಚನೆ ಮಾಡಿ, ಪೌಲನಿಗೆ ಎಲ್ಲ ಊರಿಗೂ ಬೇಕೆಂದಾಗ ಹೋಗಲು ಆಗಿದ್ದರೆ ನಮ್ಮ ಕೈಯಲ್ಲಿ ಇವತ್ತು ಇಷ್ಟು ಪತ್ರಿಕೆಗಳು ಇರ್ತಾ ಇರಲಿಲ್ಲವೇನೋ. ಹೊಸ ಒಡಂಬಡಿಕೆಯ ದೊಡ್ಡ ಭಾಗ ದೂರಶಿಕ್ಷಣವೇ! ಆದ್ದರಿಂದ ಮನೆಯಿಂದ ಓದಿ ಬಂದವರು ತಲೆ ತಗ್ಗಿಸಬೇಕಾಗಿಲ್ಲ. ಒಬ್ಬರೇ ಕೂತು, ಯಾರೂ ಬೆನ್ನ ಹಿಂದೆ ನಿಲ್ಲದೆ ಓದಿದ ಅಭ್ಯಾಸ ದೊಡ್ಡದು. ಕ್ಯಾಂಪಸ್ಸಿನಲ್ಲೇ ಬೆಳೆದ ಎಷ್ಟೋ ಜನರಿಗೆ ಅದು ಇರೋದಿಲ್ಲ.

ಆದರೂ 3:10 ನೋಡಿ. ಹಗಲೂ ರಾತ್ರಿ ಪ್ರಾರ್ಥನೆ ಮಾಡ್ತಿದ್ದಾನೆ. ಯಾತಕ್ಕೆ? ಅವರ ಮುಖ ನೋಡೋದಕ್ಕೆ. ಅವರ ನಂಬಿಕೆಯಲ್ಲಿ ಏನು ಕಡಿಮೆ ಇದೆಯೋ ಅದನ್ನು ತುಂಬೋದಕ್ಕೆ. ಪವಿತ್ರಾತ್ಮ ಪ್ರೇರಣೆಯಿಂದ ಪತ್ರ ಬರೀತಾ ಇರುವ ಮನುಷ್ಯನೇ, ಈ ಪತ್ರದಿಂದ ತುಂಬಲಾಗದ ಒಂದು ಕೊರತೆ ಇದೆ, ಅದಕ್ಕೆ ನಾನೇ ಬರಬೇಕು ಅಂತಾನೆ. ಯೋಹಾನನೂ ಹಾಗೆಯೇ. ಎರಡನೆಯ ಮತ್ತು ಮೂರನೆಯ ಪತ್ರಿಕೆಗಳ ಕೊನೆ ಓದಿ. ಬರೆಯೋದು ಬಹಳ ಇದೆ, ಆದರೆ ಮಸಿಯಲ್ಲಿ ಬರೆಯೋಕೆ ಇಷ್ಟ ಇಲ್ಲ, ಬಂದು ಎದುರಾ ಎದುರು ಮಾತಾಡ್ತೀನಿ ಅನ್ನೋ ಅರ್ಥ.

ಆ ಕೊರತೆ ಏನು? ನಾನು ಕಣ್ಣಾರೆ ನೋಡಿದ್ದನ್ನು ಹೇಳ್ತೀನಿ.

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದ್ದು ನಿಮಗೆ ನೆನಪಿರುತ್ತೆ. ಆ ವರ್ಷ ನವೆಂಬರ್ 17ಕ್ಕೆ ಡಿಗ್ರಿ ಕಾಲೇಜುಗಳ ಬಾಗಿಲು ತೆರೆಯಿತು. 2021ರ ಏಪ್ರಿಲ್ ಕೊನೆಗೆ ಮತ್ತೆ ಬಂದ್. ಜುಲೈ 26ಕ್ಕೆ ಮತ್ತೆ ತೆರೆದಾಗ ಕನಿಷ್ಠ ಒಂದು ಡೋಸ್ ಲಸಿಕೆ ಆಗಿರಬೇಕು ಅನ್ನೋ ನಿಯಮ. ಆ ವರ್ಷ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಅಂಕಗಳನ್ನು ಲೆಕ್ಕ ಹಾಕಿ ಫಲಿತಾಂಶ ಕೊಟ್ಟರು. ಆ ಬ್ಯಾಚ್ ನಮ್ಮ ಡಿಗ್ರಿ ತರಗತಿಗೆ ಬಂದ ವರ್ಷವೇ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ಸಿಲಬಸ್ಸೂ ಶುರು. ಮಕ್ಕಳಿಗೂ ಹೊಸದು, ನಮಗೂ ಹೊಸದು.

ಮೊದಲ ವಾರ ನಾನು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಎಲ್ಲರೂ ನನ್ನನ್ನೇ ನೋಡ್ತಾ ಕೂತರು. ಒಂದು ಫ್ಯಾನಿನ ಶಬ್ದ ಬಿಟ್ಟರೆ ಬೇರೆ ಶಬ್ದ ಇಲ್ಲ. ಉತ್ತರ ಗೊತ್ತಿಲ್ಲ ಅಂದುಕೊಂಡು ನಾನೇ ಹೇಳಿ ಮುಂದೆ ಹೋದೆ. ರಾತ್ರಿ ಹತ್ತು ಗಂಟೆಗೆ ವಾಟ್ಸ್ಆಪ್‌ನಲ್ಲಿ ಒಂದರ ಹಿಂದೆ ಒಂದು ಮೆಸೇಜ್. "ಸರ್, ನೀವು ಕೇಳಿದ್ದಕ್ಕೆ ಉತ್ತರ ಇದಾ?" "ಸರ್, ಇವತ್ತು ಹೇಳಿದ್ರಲ್ಲ, ಆ ಭಾಗ ಇನ್ನೊಂದು ಸಲ ಹೇಳ್ತೀರಾ?" ಉತ್ತರಗಳು ಸರಿ ಇದ್ದವು. ಪ್ರಶ್ನೆಗಳೂ ಒಳ್ಳೆಯವೇ. ಹಗಲು ಹತ್ತು ಅಡಿ ದೂರದಲ್ಲಿ ಕೂತಾಗ ಬಾರದ ಬಾಯಿ, ರಾತ್ರಿ ಮೂವತ್ತು ಕಿಲೋಮೀಟರ್ ಆಚೆಯಿಂದ ಬಂತು.

ಆ ತರಗತಿಯಲ್ಲಿ ಆನವಟ್ಟಿ ಕಡೆಯ ಒಂದು ಹಳ್ಳಿಯ ಹುಡುಗಿ ಇದ್ದಳು. ಹೆಸರು ಬೇಡ. ಸೆಕೆಂಡ್ ಪಿಯು ಪೂರ್ತಿ ಅಪ್ಪನ ಫೋನಿನಲ್ಲಿ ಓದಿದವಳು. ಹಗಲು ಫೋನ್ ಅಪ್ಪನ ಜೊತೆ ಗದ್ದೆಗೆ ಹೋಗ್ತಿತ್ತು. ರಾತ್ರಿ ಊಟ ಆದ ಮೇಲೆ ಅವಳ ಕೈಗೆ. ಕೆರೆ ಏರಿ ಮೇಲೆ ಹೋದರೆ ನೆಟ್‌ವರ್ಕ್ ಸಿಗುತ್ತೆ, ಅಲ್ಲಿ ಪಾಠ ಡೌನ್‌ಲೋಡ್ ಮಾಡಿಕೊಂಡು ಮನೆಗೆ ಬಂದು ಕೇಳೋದು. ಅರ್ಥ ಆಗದಿದ್ದರೆ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳೋದು. ಅವಳ ನೋಟ್ಸ್ ಇಡೀ ಕ್ಲಾಸಿನಲ್ಲಿ ಚೆನ್ನಾಗಿತ್ತು. ಐದನೇ ವಾರಕ್ಕೆ ಬರೋದು ನಿಲ್ಲಿಸಿಬಿಟ್ಟಳು. "ಸರ್, ನೋಟ್ಸ್ ಕಳಿಸ್ತೀರಾ? ಮನೇಲೇ ಓದ್ಕೊಳ್ತೀನಿ" ಅಂತ ಒಂದು ಮೆಸೇಜ್. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ ಅಂತ ಹೇಳೋಕೆ ಫೋನ್ ಮಾಡಿದೆ. ಬಸ್ಸಿನ ತೊಂದರೆಯಾ? ಇಲ್ಲ. ಮನೇಲಿ ಬೇಡ ಅಂದ್ರಾ? ಇಲ್ಲ. ಯಾರಾದ್ರೂ ಏನಾದ್ರೂ ಅಂದ್ರಾ? ಇಲ್ಲ ಸರ್. ತುಂಬ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದಳು: "ಸರ್, ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಿ ಕೂರೋದು?"

ನಗಬೇಡಿ. ನಿಮ್ಮಲ್ಲಿ ಕೆಲವರು ನಗ್ತಿಲ್ಲ, ನೆಲ ನೋಡ್ತಿದ್ದೀರಿ. ಗೊತ್ತಾಯ್ತು.

ಪಾಠದ ಹೊತ್ತಿನಲ್ಲಿ ಬೆಂಚು ಇದೆ, ಮೇಷ್ಟ್ರು ಇದ್ದಾರೆ, ಕಣ್ಣಿಡೋಕೆ ಬೋರ್ಡ್ ಇದೆ. ಊಟದ ಒಂದು ಗಂಟೆ ಏನೂ ಇಲ್ಲ. ಎಲ್ಲರೂ ಗುಂಪು ಗುಂಪಾಗಿ ಡಬ್ಬಿ ತೆಗೀತಾರೆ, ಇವಳು ಡಬ್ಬಿ ಹಿಡಿದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರ್ತಾಳೆ. ಮೊಬೈಲಿನಲ್ಲಿ ಓದುವಾಗ ಆ ಗಂಟೆಯೇ ಇರಲಿಲ್ಲ. ವಿಡಿಯೋ ಮುಗಿದರೆ ಅಮ್ಮ ಬಡಿಸಿದ ಊಟ. ಅಷ್ಟೂ ದಿನ ಅವಳು ಕೇಳಿದಳು, ಬರೆದಳು, ಕಲಿತಳು. ಆದರೆ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಇಡೀ ದಿನ ಕಣ್ಣಿಗೆ ಬೀಳಬೇಕು. ಗೊತ್ತಿಲ್ಲದವಳಾಗಿ, ಒಂಟಿಯಾಗಿ, ಅವಳ ಕನ್ನಡ, ಅವಳ ಬಟ್ಟೆ, ಅವಳ ಡಬ್ಬಿಯೊಳಗಿನ ಪಲ್ಯದ ಸಮೇತ.

ಈಗ ದಾನಿಯೇಲ ಒಂದನೇ ಅಧ್ಯಾಯಕ್ಕೆ ಬನ್ನಿ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ. ಅದನ್ನು ಹಾಸ್ಟೆಲ್ ಕಥೆ ಅಂತ ಓದಿ ನೋಡಿ. ಮನೆ ಬಿಟ್ಟು ಬಂದ ಹುಡುಗರು. ಮೂರು ವರ್ಷದ ಕೋರ್ಸ್. ಕಸ್ದೀಯರ ಭಾಷೆ, ಅವರ ಗ್ರಂಥಗಳು. ಊಟ ಅರಮನೆಯದು. ಅಟೆಂಡೆನ್ಸ್ ಪುಸ್ತಕದಲ್ಲಿ ಹೆಸರು ಸಹ ಬದಲಾಗಿದೆ. ಕೊನೆಗೆ ರಾಜನ ಮುಂದೆ ಮೌಖಿಕ ಪರೀಕ್ಷೆ.

ನಾವು ವಿಶ್ವಾಸಿಗಳು ಈ ಅಧ್ಯಾಯದಿಂದ ತೆಗೆದುಕೊಳ್ಳೋದು ಒಂದೇ ವಿಷಯ: ದಾನಿಯೇಲ ಬೇರ್ಪಟ್ಟು ಬದುಕಿದ. ನಿಜ, ಆಮೆನ್. ಆದರೆ ಯಾವುದರಿಂದ ಬೇರ್ಪಟ್ಟ ಅಂತ ವಚನ ವಚನ ನೋಡಿ. ತಟ್ಟೆಯಿಂದ. ಕ್ಲಾಸಿನಿಂದ ಬೇರ್ಪಡಲಿಲ್ಲ, ಭಾಷೆಯಿಂದ ಬೇರ್ಪಡಲಿಲ್ಲ, ಅಲ್ಲಿನ ಜನರಿಂದ ಬೇರ್ಪಡಲಿಲ್ಲ. ಆ ತಟ್ಟೆಯ ವಿಷಯದಲ್ಲೂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಪವಾಸ ಕೂರಲಿಲ್ಲ. ಹೋಗಿ ಮಾತಾಡಿದ. ಮೊದಲು ದೊಡ್ಡ ಅಧಿಕಾರಿಯನ್ನು ಕೇಳಿದ. ಆತ ರಾಜನಿಗೆ ಹೆದರಿದ. ಆಮೇಲೆ ತಮ್ಮನ್ನು ನೋಡಿಕೊಳ್ಳುತ್ತಿದ್ದ ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಮ್ಮ ಮುಖ ನೋಡಿ ತೀರ್ಮಾನ ಮಾಡಿ ಅಂತ ವಿನಯವಾಗಿ ಕೇಳಿಕೊಂಡ. ಮುಖ ನೋಡಿ ಅಂದ ಗಮನಿಸಿದ್ರಾ? ಅವನು ನೋಡಿಸಿಕೊಳ್ಳೋಕೆ ತಯಾರಿದ್ದ. ಅದೂ ಒಬ್ಬನೇ ಅಲ್ಲ, ಹನನ್ಯ, ಮೀಶಾಯೇಲ, ಅಜರ್ಯರ ಜೊತೆ ನಾಲ್ಕು ಜನ ಒಂದೇ ಊಟ.

ಇದನ್ನು ಯಾಕೆ ಬಿಡಿಸಿ ಹೇಳ್ತಿದ್ದೀನಿ ಅಂದರೆ, ನಮ್ಮ ಮಕ್ಕಳಲ್ಲಿ ಒಂದು ಮಾತು ಬಳಕೆಯಲ್ಲಿದೆ. "ನಾವು ವಿಶ್ವಾಸಿಗಳು ಅಣ್ಣ, ಎಲ್ಲರ ಜೊತೆ ಬೆರೆಯೋದಿಲ್ಲ." ಕೆಲವು ಸಲ ಅದು ನಿಜವಾದ ತೀರ್ಮಾನ: ಕುಡಿತಕ್ಕೆ ಕರೆದರು, ಹೋಗಲಿಲ್ಲ, ಕಾಪಿ ಹೊಡೆಯೋಣ ಅಂದರು, ಒಪ್ಪಲಿಲ್ಲ. ದೇವರಿಗೆ ಸ್ತೋತ್ರ. ಆದರೆ ಎಷ್ಟೋ ಸಲ ಅದು ಹೆದರಿಕೆ, ಅದಕ್ಕೆ ಪರಿಶುದ್ಧತೆಯ ಅಂಗಿ ತೊಡಿಸಿರ್ತೀವಿ. ಪಕ್ಕದಲ್ಲಿ ಕೂತವನ ಹೆಸರು ಕೇಳೋಕೆ ನಾಚಿಕೆ, ಅದಕ್ಕೆ 'ಲೋಕದವರು' ಅಂತ ಹೆಸರು. ಎರಡೂ ಬೇರೆ ಬೇರೆ. ನಿಮ್ಮದು ಯಾವುದು ಅಂತ ನಿಮಗೇ ಗೊತ್ತು.

ಆ ಹುಡುಗಿಯ ವಿಷಯಕ್ಕೆ ಬರ್ತೀನಿ. ಅದೇ ಬಸ್ಸಿನಲ್ಲಿ ಬರುತ್ತಿದ್ದ ಸೆಕೆಂಡ್ ಇಯರ್ ಹುಡುಗಿಯೊಬ್ಬಳಿಗೆ ನಾನು ಇಷ್ಟೇ ಹೇಳಿದೆ: "ಅವಳು ಒಬ್ಬಳೇ ಇರ್ತಾಳೆ, ನೋಡಮ್ಮ." ಇವಳು ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ. ಮಾರನೇ ದಿನ ಅವಳಿಗೆ ಫೋನ್ ಮಾಡಿ, "ನಾಳೆ ಬಾರೇ, ನಾನು ಸೀಟು ಹಿಡಿದಿರ್ತೀನಿ" ಅಂದಳಂತೆ. ಬಸ್ಸಿನಲ್ಲಿ ಸೀಟು, ಮಧ್ಯಾಹ್ನ ಬೇವಿನ ಮರದ ಕಟ್ಟೆ ಮೇಲೆ ಜಾಗ. ಎರಡು ರೊಟ್ಟಿ ಇವಳದು, ಸ್ವಲ್ಪ ಚಿತ್ರಾನ್ನ ಅವಳದು. ನಮ್ಮ ಸಭೆಯ ಮೂವರು ಯೌವನಸ್ಥರು ಅದೇ ಕಾಲೇಜಿನಲ್ಲಿ ಇದ್ದರು. ಅವರ ಕಣ್ಣಿಗೆ ಬೀಳಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ.

ಕೆಲವು ವಾರ ಕಳೆದ ಮೇಲೆ ಕದಂಬರ ಪಾಠ ಮಾಡ್ತಿದ್ದೆ. ಮೂರನೇ ಬೆಂಚಿನಿಂದ ಒಂದು ಕೈ ಅರ್ಧ ಎದ್ದಿತು. ಅವಳೇ. ಧ್ವನಿ ನಡುಗುತ್ತಿತ್ತು. "ಸರ್, ಮಯೂರಶರ್ಮ ಕಂಚಿಗೇ ಯಾಕೆ ಹೋಗಬೇಕಿತ್ತು? ತಾಳಗುಂದದಲ್ಲೇ ಓದು ಇತ್ತಲ್ವಾ?"

ಎಂಥ ಪ್ರಶ್ನೆ! ನಿಮಗೆ ಹಿನ್ನೆಲೆ ಹೇಳ್ತೀನಿ. ತಾಳಗುಂದ ನಮ್ಮ ಶಿಕಾರಿಪುರ ತಾಲ್ಲೂಕಿನ ಊರು, ಶಿರಾಳಕೊಪ್ಪಕ್ಕೆ ಹತ್ತಿರ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಕದಂಬ ರಾಜ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜ ಅನ್ನೋ ಕವಿ ಬರೆದ ಸಂಸ್ಕೃತ ಶಾಸನ. ಅದರ ಪ್ರಕಾರ ಮಯೂರಶರ್ಮ ಓದಿನ ಮನೆತನದ ಹುಡುಗ. ಹೆಚ್ಚಿನ ಓದಿಗೆ ಪಲ್ಲವರ ಕಂಚಿಗೆ, ಅಲ್ಲಿನ ಘಟಿಕೆಗೆ ಹೋದ. ಘಟಿಕೆ ಅಂದರೆ ಆ ಕಾಲದ ದೊಡ್ಡ ವಿದ್ಯಾಸ್ಥಾನ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನ ಜೊತೆ ಜಗಳ ಆಗಿ ಅವಮಾನ ಆಯಿತು. ಓದು ಬಿಟ್ಟು ಕತ್ತಿ ಹಿಡಿದ, 4ನೇ ಶತಮಾನದಲ್ಲಿ ಕದಂಬ ರಾಜ್ಯ ಕಟ್ಟಿದ. ನಮ್ಮ ಪಠ್ಯಪುಸ್ತಕಗಳಿಗೆ ಕತ್ತಿಯ ಭಾಗ ಇಷ್ಟ. ನನಗೆ ಇಷ್ಟ ಆಗೋದು ಇನ್ನೊಂದು ಚಿಕ್ಕ ವಿವರ. ಅವನು ಕಂಚಿಗೆ ಒಬ್ಬನೇ ಹೋಗಲಿಲ್ಲ, ಹಿರಿಯನಾದ ವೀರಶರ್ಮನ ಜೊತೆ ಹೋದ. ಆತ ಅವನ ಗುರು; ಅಜ್ಜ ಅಂತಲೂ ಹೇಳ್ತಾರೆ.

ಅವಳ ಪ್ರಶ್ನೆಗೆ ಕ್ಲಾಸಿನಲ್ಲಿ ಕಾಲು ಗಂಟೆ ಚರ್ಚೆ ಆಯಿತು. ಒಬ್ಬ ಹುಡುಗ, ಮನೇಲಿ ಎಲ್ಲರೂ ನಮ್ಮವರೇ, ತಪ್ಪು ಅಂತ ಹೇಳೋರು ಯಾರೂ ಇರಲ್ಲ, ಅದಕ್ಕೆ ಹೋದ ಅಂದ. ಇನ್ನೊಬ್ಬಳು, ಬೇರೆ ಊರಿನವರ ಜೊತೆ ವಾದ ಮಾಡಿದರೆ ತಾನೇ ಕಲಿತದ್ದು ಗಟ್ಟಿ ಆಗೋದು ಅಂದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ವಾಟ್ಸ್ಆಪ್‌ನಲ್ಲಿ ಬಂದಿದ್ದರೆ ಅವಳಿಗೆ ನನ್ನ ಉತ್ತರ ಒಂದೇ ಸಿಗುತ್ತಿತ್ತು. ಕ್ಲಾಸಿನಲ್ಲಿ ಕೇಳಿದ್ದಕ್ಕೆ ನನಗೇ ಗೊತ್ತಿಲ್ಲದ ಎರಡು ಉತ್ತರ ಸಿಕ್ಕಿತು. ಪೌಲನು ಹೇಳಿದ ಕೊರತೆ ತುಂಬೋದು ಅಂದರೆ ಇದೇ ಇರಬೇಕು ಅಂತ ಆ ದಿನ ಬಸ್ಸಿನಲ್ಲಿ ಅನ್ನಿಸಿತು. ಅವಳಿಗೆ ಆ ಸೆಮಿಸ್ಟರ್ ಒಂದು ಪೇಪರ್ ಉಳಿಯಿತು, ಮುಂದಿನ ಸಲ ಬರೆದು ಪಾಸ್ ಮಾಡಿಕೊಂಡಳು. ಸಾಕ್ಷಿ ಹೇಳುವಾಗ ನಾವು ಇಂಥದ್ದನ್ನು ಬಿಟ್ಟುಬಿಡ್ತೀವಿ, ಅದಕ್ಕೆ ಸೇರಿಸಿ ಹೇಳಿದೆ.

ಅದೇ ರಸ್ತೆಯಲ್ಲಿ ಬಳ್ಳಿಗಾವಿ ಇದೆ. ಕೇದಾರೇಶ್ವರ ದೇವಸ್ಥಾನ ನೋಡಿರ್ತೀರಿ. ಅಲ್ಲಿ ಕೋಡಿಯ ಮಠ ಅಂತ ಕಾಳಾಮುಖರ ಮಠ ಇತ್ತು. 1162ರ ಒಂದು ಶಾಸನ ಆ ಮಠವನ್ನು ವರ್ಣಿಸುತ್ತೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಜಾಗ ಅಂತ ಹೇಳಿ, ಅದೇ ಉಸಿರಿನಲ್ಲಿ ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ ಅಂತಲೂ ಹೇಳುತ್ತೆ. ಅವರ ಮತ ನಮ್ಮದಲ್ಲ. ಆದರೆ ಓದು ಮತ್ತು ಊಟ ಒಂದೇ ಅಂಗಳದಲ್ಲಿ ಇರಬೇಕು ಅಂತ ನಮ್ಮ ಊರಿನವರಿಗೆ ಒಂಬತ್ತು ನೂರು ವರ್ಷದ ಹತ್ತಿರ ಹಿಂದೆಯೇ ಗೊತ್ತಿತ್ತು. ಸೊರಬ, ಸಾಗರದ ಗುಡಿಗಾರರು ಶ್ರೀಗಂಧ ಕೆತ್ತೋದನ್ನು ಕಲಿಸೋದೂ ಪಕ್ಕದಲ್ಲಿ ಕೂರಿಸಿಕೊಂಡೇ. ಉಳಿ ಎಷ್ಟು ಓರೆ ಹಿಡೀಬೇಕು ಅನ್ನೋದು ವಿಡಿಯೋದಲ್ಲಿ ಕಾಣುತ್ತೆ, ಎಷ್ಟು ಒತ್ತಬೇಕು ಅನ್ನೋದು ಕಾಣಲ್ಲ.

ಸರಿ, ಈ ವಾರ ಏನು ಮಾಡ್ತೀರಿ? ಕ್ಲಾಸಿನಲ್ಲಿ ಒಂದು ಪ್ರಶ್ನೆ ಬಾಯಿಬಿಟ್ಟು ಕೇಳಿ. ದೊಡ್ಡದೇ ಆಗಬೇಕಿಲ್ಲ. "ಸರ್, ಆ ಇಸವಿ ಇನ್ನೊಂದು ಸಲ ಹೇಳಿ" ಅಂದರೂ ಸಾಕು. ಮೊಬೈಲಿನಲ್ಲಿ ಪಾಠ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡ ಅಭ್ಯಾಸ ನಿಮಗೆ. ಇಲ್ಲಿ ನಿಲ್ಲಿಸೋಕೆ ಆಗಲ್ಲ, ಅರ್ಧ ತಪ್ಪಿಹೋಗುತ್ತೆ. ಗಾಬರಿ ಆಗಬೇಡಿ. ಮುಖ್ಯ ಪದ ಬರೆದು ಸಾಲು ಬಿಡಿ, ಪಕ್ಕದವರ ನೋಟ್ಸ್ ಕೇಳಿ ತುಂಬಿಕೊಳ್ಳಿ. ಕೇಳಿದರೆ ಪರಿಚಯವೂ ಆಗುತ್ತೆ. ರಾತ್ರಿ ಎರಡು ಗಂಟೆವರೆಗೆ ಎದ್ದಿರೋ ಅಭ್ಯಾಸ ಇದ್ದವರು ಅದನ್ನು ಒಂದೇ ದಿನ ಬಿಡೋಕೆ ಹೋಗಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಮುಂಚೆ ಮಲಗಿ. ಊಟದ ಹೊತ್ತಿನಲ್ಲಿ ಫೋನ್ ಬ್ಯಾಗಿನಲ್ಲಿ ಇರಲಿ. ಫೋನ್ ನೋಡ್ತಾ ಕೂತವರನ್ನು ಯಾರೂ ಕರೆಯಲ್ಲ, ಬಿಜಿ ಇದ್ದಾರೆ ಅಂದುಕೊಳ್ತಾರೆ. ಮತ್ತೆ, ಊರಿನ ಸಭೆಯ ಆರಾಧನೆಯನ್ನು ಹಾಸಿಗೆ ಮೇಲೆ ಮಲಗಿ ಯೂಟ್ಯೂಬ್‌ನಲ್ಲಿ ನೋಡೋದು ಲಾಕ್‌ಡೌನಿನಲ್ಲಿ ಬೇಕಿತ್ತು. ಈಗ ನೀವಿರೋ ಊರಿನ ಸಭೆಗೆ ಕಾಲಲ್ಲಿ ನಡೆದು ಹೋಗಿ.

ಇನ್ನೊಂದು ಮಾತು, ಇದನ್ನು ನಿಧಾನವಾಗಿ ಕೇಳಿ. ಕೆಲವರಿಗೆ ಇದು ಬರೀ ನಾಚಿಕೆ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಬದುಕೋದೇ ಬೇಡ ಅನ್ನಿಸುತ್ತೆ. ಎಲೀಯನಿಗೂ ಹಾಗೇ ಅನ್ನಿಸಿತು, 1 ಅರಸುಗಳು 19. ದೇವರು ಅವನನ್ನು ಗದರಿಸಲಿಲ್ಲ. ಮಲಗಿಸಿದ, ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಿಸಿದ. ಆಮೇಲೆ ಜೊತೆಗೆ ಎಲೀಷನನ್ನು ಕೊಟ್ಟ. ಹಾಗಿರುವವರು ಪ್ರಾರ್ಥನೆಯನ್ನೂ ಮಾಡಿ, ಮನೆಯವರಿಗೂ ಹೇಳಿ, ಡಾಕ್ಟರ ಹತ್ತಿರವೂ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ಈಗ ಎರಡನೇ ವರ್ಷ, ಮೂರನೇ ವರ್ಷದವರು ಕೇಳಿ. ಇಲ್ಲಿಯವರೆಗೆ ಹೊಸಬರಿಗೆ ಹೇಳಿದೆ, ಇನ್ನು ನಿಮಗೆ. ಹೊರಗೆ ಉಪ್ಪಿಟ್ಟು, ಟೀ ಇದೆ. ಪ್ರತಿ ಸಲ ನೀವೆಲ್ಲ ಅದೇ ಐದು ಜನ ಅದೇ ಮೂಲೆಯಲ್ಲಿ ನಿಲ್ತೀರಿ ಅಂತ ಪಾಸ್ಟರಮ್ಮ ಹೇಳಿದರು. ಇವತ್ತು ಒಬ್ಬೊಬ್ಬರು ಒಬ್ಬ ಹೊಸಬರ ಪಕ್ಕ ಕೂರಿ. ಯಾವ ಕಾಲೇಜು, ಯಾವ ಬಸ್ಸು, ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ ಅಂತ ಕೇಳಿ. ಒಂದೇ ಕಾಲೇಜು ಆದರೆ ಸೋಮವಾರ ಎಲ್ಲಿ ಸಿಗೋದು ಅಂತ ಇವತ್ತೇ ಮಾತಾಡಿಕೊಳ್ಳಿ. ನಂಬರ್ ತಗೊಂಡು ಆಮೇಲೆ ಮೆಸೇಜ್ ಮಾಡ್ತೀನಿ ಅನ್ನೋದು ಬೇಡ.

ಎದ್ದು ನಿಲ್ಲೋಣ. ಪಕ್ಕದವರ ಹೆಸರು ಗೊತ್ತಿಲ್ಲದವರು ಮೊದಲು ಹೆಸರು ಕೇಳಿಕೊಳ್ಳಿ, ಆಮೇಲೆ ಅವರ ಹೆಸರು ಹೇಳಿಯೇ ಅವರಿಗಾಗಿ ಪ್ರಾರ್ಥನೆ ಮಾಡೋಣ.